ಮಾವನ ಕೈಗೆ ಬಿಡುವಾದ ಮೇಲೆ

ಡಾಕ್ಟರು ಮಾವನ ಬಲಗಡೆಯ ಶ್ವಾಸಕೋಶದ ಕೆಳಭಾಗವನ್ನು ಕತ್ತರಿಸಿ ತೆಗೆದರು. ಇನ್ನು ಮೇಲೆ ಏನನ್ನೂ ಊದಕೂಡದು ಎಂದರು.

"ಬಲೂನು?" ಎಂದು ಕೇಳಿದಳು ರಸ್ಮಿಯ್ಯ ಅತ್ತೆ. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

"ಬಲೂನು ಬಿಡಿ ತಾಯಿ, ಚಾ ಆರಿಸೋಕೂ ಊದಬಾರ್ದು."

ಮಾವ ಗೋಡೆ ನೋಡುತ್ತಿದ್ದ. ಗೋಡೆಯ ಮೇಲೆ ಶ್ವಾಸಕೋಶದ ಚಿತ್ರವಿತ್ತು. ಅದರಲ್ಲಿ ಎರಡೂ ಪೂರ್ತಿ ಇದ್ದವು.

ರಮ್ತಾ ಪೇಟೆಯಿಂದ ದೇಶದ ಗಡಿಯವರೆಗಿನ ನಮ್ಮ ಊರುಗಳಲ್ಲಿ ಮದುವೆ ಎಂದರೆ ದಬ್ಕೆ, ದಬ್ಕೆ ಎಂದರೆ ಮಿಜ್ವಿಜ್, ಮಿಜ್ವಿಜ್ ಎಂದರೆ ನನ್ನ ಸೋದರಮಾವ ಫಯ್ಯಾದ್. ಗಂಡಸರು ಕೈಗೆ ಕೈ ಹೆಣೆದು ಸಾಲಾಗಿ ನಿಂತು ನೆಲ ಒದೆಯುತ್ತಾರೆ. ಅವರ ಕಾಲುಗಳ ಮುಂದೆ ಬೆನ್ನು ಬಗ್ಗಿಸಿಕೊಂಡು ಮಾವ ಊದುತ್ತ ಹೋಗುತ್ತಾನೆ. ಎರಡು ತೆಳ್ಳನೆಯ ಬೊಂಬು ಜೋಡಿಸಿ ಕಟ್ಟಿದ ಗೇಣುದ್ದದ ವಾದ್ಯ ಅದು. ಉಸಿರು ಕಡಿಯುವಂತಿಲ್ಲ. ಮೂಗಿನಿಂದ ಎಳೆದುಕೊಂಡು, ಕೆನ್ನೆಯಲ್ಲಿ ಕೂಡಿಟ್ಟು, ಅಲ್ಲಿಂದ ಬಿಡುತ್ತಿರಬೇಕು. ಒಂದೊಂದು ಸಲ ನಲವತ್ತು ನಿಮಿಷ. ಮೂವತ್ತೊಂದು ವರ್ಷ ಅವನು ಹಾಗೆ ಬದುಕಿದ. ಈಗ ಅವನ ಚಾ ತಾನಾಗಿಯೇ ಆರಬೇಕಿತ್ತು.

ಕೀಬೋರ್ಡಿನ ನವ್ವಾಫ್ ಒಬ್ಬನಿದ್ದಾನೆ. ಮದುವೆಗೆ ಸ್ಪೀಕರು, ದೀಪ, ಮೈಕು ಎಲ್ಲ ಅವನದೇ. ಅವನ ಕೀಬೋರ್ಡಿನಲ್ಲಿ ಮಿಜ್ವಿಜ್ ಸದ್ದು ಮಾಡುವ ಗುಂಡಿಯಿದೆ. ಒತ್ತಿದರೆ ತಗಡಿನ ಡಬ್ಬದಲ್ಲಿ ಸಿಕ್ಕಿಕೊಂಡ ಜೇನುಹುಳುವಿನ ಸದ್ದು ಬರುತ್ತದೆ. ಮಾವ ಮಲಗಿದ್ದ ತಿಂಗಳುಗಳಲ್ಲಿ ಹನ್ನೊಂದು ಮದುವೆ ಆ ಹುಳದಿಂದಲೇ ನಡೆದವು. ಯಾರೂ ಏನೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ನವ್ವಾಫನ ಮೇಲಲ್ಲ, ಹುಳಕ್ಕೆ ಕುಣಿದ ಕಾಲುಗಳ ಮೇಲೆ. ಆಮೇಲೆ ನವ್ವಾಫನ ಮೇಲೂ ಬಂತು.

ಮಾವ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸುತ್ತಲಿನ ಊರುಗಳ ಮದುವೆ ಕೇಳುತ್ತಿದ್ದ. "ಈಗ ಒಂದು ಕಾಲು ತಪ್ತು" ಎನ್ನುತ್ತಿದ್ದ, ಎರಡು ಮೈಲಿ ದೂರದ ಕಾಲನ್ನು. ಬೇಸಗೆಯ ಹೊತ್ತಿಗೆ ಅದನ್ನು ಹೇಳುವುದನ್ನೂ ಬಿಟ್ಟ. ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ಹೋಗಿಬರುವ ಟ್ರಕ್ಕು ನೋಡತೊಡಗಿದ. ಅದನ್ನು ನೋಡಿದ ದಿನ ನಾನು ಕೆಲಸ ಶುರು ಮಾಡಿದೆ.

ನಾನು ರಮ್ತಾ ಪೇಟೆಯಲ್ಲಿ ಫೋನು ರಿಪೇರಿ ಮಾಡುವವನು. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು. ಓದಿದವರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತು: ಪ್ರತಿ ಫೋನಿನ ಹೊಟ್ಟೆಯಲ್ಲೂ ಅಕ್ಕಿಕಾಳಿನಷ್ಟು ದೊಡ್ಡ ಒಂದು ಚಿಪ್ ಇದೆ, ಮೋಷನ್ ಸೆನ್ಸರ್. ಫೋನನ್ನು ಅಡ್ಡ ಹಿಡಿದರೆ ಚಿತ್ರ ಅಡ್ಡವಾಗುವುದು ಅದರ ದಯೆಯಿಂದ. ಎಷ್ಟು ವಾಲಿತು, ಯಾವ ಕಡೆ ತಿರುಗಿತು, ಎಷ್ಟು ಜೋರಾಗಿ ಅಲ್ಲಾಡಿತು, ಎಲ್ಲ ಅದಕ್ಕೆ ತಿಳಿಯುತ್ತದೆ. ಪರದೆ ಒಡೆದರೂ ಅದು ಸಾಯುವುದಿಲ್ಲ. ನನ್ನ ಅಂಗಡಿಯಲ್ಲಿ ಬೇರೆ ಏನಿಲ್ಲದಿದ್ದರೂ ಪರದೆ ಒಡೆದ ಫೋನುಗಳಿವೆ.

ಆಪರೇಷನ್ನಿಗೆ ಮುಂಚೆ ಆರು ದಿನ ಮಾವನನ್ನು ಹಾಸಿಗೆ ಪೇರಿಸಿಡುವ ಕೋಣೆಯಲ್ಲಿ ಕೂರಿಸಿ ಊದಿಸಿದ್ದೆ. ಗೋಡೆ ತುಂಬ ಹಾಸಿಗೆ ಇರುವುದರಿಂದ ಅಲ್ಲಿ ಸದ್ದು ಮಾರ್ದನಿಸುವುದಿಲ್ಲ. ಒಂದೊಂದು ತಿರುವನ್ನು, ಒಂದೊಂದು ಕುಣಿತದ ತುಂಡನ್ನು ಬೇರೆಬೇರೆಯಾಗಿ ಹಿಡಿದಿಟ್ಟೆ. ನಡುನಡುವೆ ಕೆಮ್ಮು ಬಂತು. ಕೆಮ್ಮನ್ನು ಕತ್ತರಿಸಿದೆ. ಯಾಕೆ ಹಿಡಿದಿಟ್ಟೆ ಎಂದು ಆಗ ಗೊತ್ತಿರಲಿಲ್ಲ. ಇರಲಿ ಎಂದಷ್ಟೇ.

ಈಗ ಎರಡು ಸಣ್ಣ ಫೋನುಗಳನ್ನು ಮಾವನ ಎರಡು ಮಣಿಕಟ್ಟಿಗೆ ಆಸ್ಪತ್ರೆಯ ಎಲಾಸ್ಟಿಕ್ ಪಟ್ಟಿಯಿಂದ ಬಿಗಿದೆ. ಅಂಗಿಯ ತೋಳು ಇಳಿಸಿದರೆ ಕಾಣುವುದಿಲ್ಲ. ಅವು ಕೈಯ ಅಲುಗಾಟವನ್ನು ನನ್ನ ಲ್ಯಾಪ್‌ಟಾಪಿಗೆ ಕಳಿಸುತ್ತವೆ. ಲ್ಯಾಪ್‌ಟಾಪು ಮಾವನದೇ ಉಸಿರನ್ನು ಸ್ಪೀಕರಿಗೆ ಕಳಿಸುತ್ತದೆ. ಎಡಗೈ ತಿರುಗಿಸಿದರೆ ತುಂಡು ಬದಲಾಗುತ್ತದೆ, ಎತ್ತಿದರೆ ದನಿ ಏರುತ್ತದೆ. ಬಲಗೈ ಮೇಲೆ ಕೆಳಗೆ ಆಡಿಸಿದಷ್ಟು ವೇಗ ಹೆಚ್ಚು. ನಿಲ್ಲಿಸಲು ಯಾವ ಸನ್ನೆ ಬೇಕು ಎಂದು ಮಾವನನ್ನೇ ಕೇಳಿದೆ. ಅವನು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡ. "ಸಾಕು, ದೇವರು ಒಳ್ಳೇದು ಮಾಡ್ಲಿ, ಅನ್ನೋ ಹಾಗೆ" ಎಂದ. ನನಗೂ ಚೆನ್ನಾಗಿ ಕಂಡಿತು.

ಒಂಬತ್ತು ದಿನ ಅಂಗಳದಲ್ಲಿ ಅಭ್ಯಾಸ ನಡೆಯಿತು. ಮೊದಲ ದಿನ ಅತ್ತೆ ಬೆಂಡೆಕಾಯಿ ಹೆಚ್ಚುತ್ತ ನೋಡಿದಳು.

"ನೊಣ ಓಡಿಸ್ತಿದೀರಾ?"

"ಬಾರಿಸ್ತಿದೀನಿ ಕಣೇ."

"ಹಾಗಾದ್ರೆ ಈ ಕಡೆಗೂ ಒಂಚೂರು ಬಾರಿಸಿ. ಬೆಂಡೆಕಾಯಿ ಮೇಲೆ ಎರಡು ಕೂತಿವೆ."

ಐದನೆಯ ದಿನ ಅವಳು ಚಾಕು ಕೆಳಗಿಟ್ಟಳು. ಸುಮ್ಮನೆ ಕೂತು ಕೇಳಿದಳು. ಮಾವ ಕಣ್ಣು ಮುಚ್ಚಿಕೊಂಡು ಬಗ್ಗಿ ನಡೆಯುತ್ತಿದ್ದ, ಇಲ್ಲದ ಕಾಲುಗಳ ಮುಂದೆ. ಅತ್ತೆ ಎದ್ದು ಒಳಗೆ ಹೋದಳು. ಅಳು ಬಂದಿರಬಹುದು. ಒಲೆ ಹಚ್ಚುವುದೂ ಇತ್ತು.

ಮಾವ ನನಗೆ ಒಂದೇ ಒಂದು ಷರತ್ತು ಹಾಕಿದ.

"ಲೇ ಕುತೈಬ, ನಾನು ಬಾರಿಸ್ತಿರುವಾಗ ಆ ಡಬ್ಬ ಮುಟ್ಟಬಾರ್ದು ನೀನು. ಎಷ್ಟೇ ಕೆಡಲಿ."

"ಸ್ವಲ್ಪ ಸರಿಪಡಿಸೋಕೂ?"

"ನೀನು ಗುಂಡಿ ಒತ್ತಿದ್ರೆ ಬಾರಿಸೋನು ನೀನು. ನಾನು ನಿನ್ನ ಮುಂದೆ ಕುಣಿಯೋ ಕೋತಿ."

ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ.

ನಮ್ಮೂರ ಲುವೈ ಎಂಬವನ ಮದುವೆ ಬಂತು. ಅವನ ಅಪ್ಪನ ಮದುವೆಗೂ ಮಾವನೇ ಊದಿದ್ದ. ಲುವೈಗೆ ತನ್ನ ಮದುವೆಯಲ್ಲೂ ಮಾವನೇ ಬೇಕು. ನವ್ವಾಫ್ ಅರೆಮನಸ್ಸಿನಿಂದ ತಲೆಯಾಡಿಸಿದ. ಸ್ಪೀಕರು ಅವನವು, ಹಾಗಾಗಿ ತಲೆಯೂ ಅವನದೇ ಆಡಬೇಕು.

"ಫಯ್ಯಾದಣ್ಣ, ನಿನ್ನ ಮೇಲೆ ಗೌರವ ಇದೆ. ಆದ್ರೆ ದಬ್ಕೆ ನಡುವೆ ನಿಂತರೆ ಬೈಗುಳ ನಂಗೆ. ಎರಡು ಸಲ ನಿಂತರೆ ಸಹಿಸ್ಕೋತೀನಿ. ಮೂರನೇ ಸಲಕ್ಕೆ ಕೀಬೋರ್ಡು. ಆಮೇಲೆ ಈ ಸುತ್ತಿನ ಯಾವ ಮದುವೆಗೂ ನಿನ್ನನ್ನ ಕರೀಬೇಡಿ ಅಂತ ನಾನೇ ಹೇಳ್ತೀನಿ. ಒಪ್ಪಿಗೇನಾ?"

"ಒಪ್ಪಿಗೆ" ಎಂದ ಮಾವ. ಅವತ್ತು ಸಂಜೆ ಮಾಳಿಗೆಯಿಂದ ಕುರ್ಚಿಯನ್ನು ಕೆಳಗೆ ತಂದ.

ಶುಕ್ರವಾರ ಮಧ್ಯಾಹ್ನದ ಊಟ ಮುಗಿಯಿತು. ಕುರಿಮಾಂಸ, ಅನ್ನದ ಮನ್ಸಫ್ ತಟ್ಟೆಗಳಲ್ಲಿ ಬರೀ ಮೂಳೆ ಉಳಿದಿತ್ತು. ಲುವೈ ಮನೆಯ ಮುಂದಿನ ಬಯಲಿನಲ್ಲಿ ನಲವತ್ತು ಗಂಡಸರ ಸಾಲು ನಿಂತಿತು. ಸುತ್ತ ನಾನೂರು ಜನ. ಬಿಸಿಲಿತ್ತು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೆಂಪು ಚೌಕುಳಿಯ ತಲೆವಸ್ತ್ರ ಸುತ್ತಿ, ಬಾಯಲ್ಲಿ ಏನೂ ಇಲ್ಲದೆ ನಡುವೆ ಬಂದು ನಿಂತ. ಎಡಗೈ ಎತ್ತಿದ. ಬಲಗೈ ಆಡಿಸಿದ.

ಸ್ಪೀಕರಿನಿಂದ ಮಾವ ಬಂದ. ಹುಳ ಅಲ್ಲ, ಮಾವ. ಸಾಲಿನ ಮುಂದಾಳು ಒಂದು ಕ್ಷಣ ಅವನ ಬಾಯಿ ನೋಡಿದ, ಆಮೇಲೆ ಅದನ್ನು ಮರೆತು ಕಾಲು ಎತ್ತಿದ. ನಲವತ್ತು ಕಾಲು ಒಟ್ಟಿಗೆ ಇಳಿದವು. ಬದಿಯಲ್ಲಿ ಹಾಕಿದ್ದ ಗುಡಾರದ ಹಿಂದಿನಿಂದ, ನಾಲಗೆ ಆಡಿಸಿ ಹಾಕುವ ಹೆಂಗಸರ ಸಂಭ್ರಮದ ಉಲಿ ಎದ್ದಿತು. ನಾನು ನವ್ವಾಫನ ಮುಖ ನೋಡಿದೆ. ನೋಡಲೆಂದೇ ಅಲ್ಲಿ ಕೂತಿದ್ದೆ.

ಇದು ನಾಲ್ಕು ನಿಮಿಷ ನಡೆಯಿತು.

ಆಮೇಲೆ ರೊಟ್ಟಿ ಭಟ್ಟಿಯ ಹಮ್ದಾನ್ ಮುದುಕ ಕುರ್ಚಿಯಿಂದ ಎದ್ದ. ನೇರ ಮಾವನ ಹತ್ತಿರ ಬಂದ. "ಫಯ್ಯಾದ್! ದೇವರು ದೊಡ್ಡವನು, ಎದ್ದು ಬಂದ್ಯಲ್ಲಪ್ಪಾ!" ಎಂದು ಮಾವನ ಬಲಗೈ ಹಿಡಿದು ಕುಲುಕಿದ.

ಮೂವತ್ತೊಂದು ವರ್ಷ ಮಾವ ಮದುವೆಯಲ್ಲಿ ಯಾರ ಕೈಯನ್ನೂ ಕುಲುಕಿದವನಲ್ಲ ಎಂಬುದು ನನಗೆ ಆಗ ಹೊಳೆಯಿತು. ಎರಡೂ ಕೈ ಮಿಜ್ವಿಜ್ ಮೇಲಿರುತ್ತಿದ್ದವು, ಬಾಯಿ ತುಂಬಿರುತ್ತಿತ್ತು. ಊದುವವನನ್ನು ಯಾರೂ ಮಾತಾಡಿಸುವುದಿಲ್ಲ. ಈಗ ಅವನ ಕೈಗಳು ಬಿಡುವಾಗಿ ಗಾಳಿಯಲ್ಲಿದ್ದವು. ಸಾವಿನ ಮನೆ ಬಾಗಿಲಿಗೆ ಹೋಗಿ ಬಂದವನು ಬರಿಗೈಯಲ್ಲಿ ನಿಂತಿದ್ದಾನೆ. ನಮ್ಮೂರಿನಲ್ಲಿ ಅಂಥವನನ್ನು ದಾಟಿಹೋಗಲು ಸಾಧ್ಯವಿಲ್ಲ. ಅಂಗಳದಲ್ಲಿ ಒಂಬತ್ತು ದಿನವೂ ಎಲ್ಲ ಸರಿಯಿತ್ತು, ಯಾಕೆಂದರೆ ಮನೆಯವರು ಮನೆಯವರ ಕೈ ಕುಲುಕುವುದಿಲ್ಲ.

ನಮ್ಮಲ್ಲಿ ಕೈಕುಲುಕುವುದೆಂದರೆ ಮುಟ್ಟಿ ಬಿಡುವುದಲ್ಲ. ಪ್ರೀತಿ ಎಷ್ಟೋ ಅಷ್ಟು ಹೊತ್ತು ಆಡಿಸಬೇಕು. ಹಮ್ದಾನ್ ಮುದುಕನಿಗೆ ಬಹಳ ಪ್ರೀತಿ. ಐವತ್ತು ವರ್ಷ ಹಿಟ್ಟು ನಾದಿದ ತೋಳು. ಹದಿನಾಲ್ಕು ಸಲ ಆಡಿಸಿದ. ಮಿಜ್ವಿಜ್ ಎರಡು ಪಟ್ಟು ಓಡಿತು, ಆಮೇಲೆ ಮೂರು ಪಟ್ಟು. ಸಾಲು ಅದರ ಹಿಂದೆ ಓಡಿತು. ಯಾರದೋ ಒಂದು ಬೂಟು ಬಿಡುಗಡೆಯಾಗಿ ವರನ ದೊಡ್ಡಪ್ಪನ ಮಡಿಲಿಗೆ ಬಿತ್ತು. ಕೆನ್ನೆಗೆ ಕೆನ್ನೆ ತಾಗಿಸಿ ಮೂರು ಮುತ್ತು ಆದವು. ಕೊನೆಗೆ, ಯಾರಾದರೂ ಮಾಡುವ ಹಾಗೆ, ಮಾವ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ತಲೆ ಬಾಗಿಸಿದ.

ಹಾಡು ನಿಂತಿತು. ನಲವತ್ತು ಜನ ಒಂದೊಂದು ಕಾಲು ಎತ್ತಿ ನಿಂತಿದ್ದರು.

ನವ್ವಾಫ್ ಒಂದು ಬೆರಳು ಎತ್ತಿದ.

ನಾನು ಮಾವನ ಹತ್ತಿರ ಓಡಿದೆ. "ಮಾವ, ಯಾರ ಕೈಯನ್ನೂ ಮುಟ್ಟಬೇಡ."

"ಹಮ್ದಾನ್ ಕಣೋ. ಆಸ್ಪತ್ರೆಗೆ ದಿನಾ ರೊಟ್ಟಿ ಕಳಿಸ್ದೋನು."

"ಮಿಜ್ವಿಜ್ ಕೈಲಿ ಹಿಡ್ಕೊ ಹಾಗಾದ್ರೆ. ಬಾಯಿಗಿಟ್ಕೊ, ಊದಬೇಡ. ಯಾರೂ ಹತ್ರ ಬರಲ್ಲ."

ಮಾವ ನನ್ನನ್ನು ನೋಡಿದ. "ಊದದ ಮಿಜ್ವಿಜ್ ಬಾಯಿಗಿಟ್ಕೊಂಡು ನಿಲ್ಲೋಕೆ ನಾನೇನು ಬಟ್ಟೆ ಅಂಗಡಿ ಗೊಂಬೇನಾ? ಹೋಗು."

"ಹಾಗಾದ್ರೆ ಎರಡೂ ಕೈ ಎತ್ತರದಲ್ಲಿಟ್ಕೊ. ಎಟುಕಬಾರ್ದು."

ಅದಕ್ಕೆ ಒಪ್ಪಿದ. ಹಾಡು ಮತ್ತೆ ಶುರುವಾಯಿತು, ದನಿ ತಾರಕದಲ್ಲಿ, ಕೈ ಎತ್ತರದಲ್ಲಿದ್ದುದರಿಂದ. ದೂರದಿಂದ ನೋಡಿದರೆ ಪೊಲೀಸರಿಗೆ ಶರಣಾದವನ ಹಾಗೆ ಕಾಣುತ್ತಿದ್ದ. ಇಬ್ಬರು ಮುದುಕರು ಅವನು ಪ್ರಾರ್ಥನೆ ಮಾಡುತ್ತಿದ್ದಾನೆಂದು ತಿಳಿದು ತಾವೂ ಕೈ ಎತ್ತಿ ಆಮೀನ್ ಎಂದರು. ಆರು ನಿಮಿಷ ಕಳೆಯಿತು. ಆಗ ಕಾಫಿ ಹಂಚುವವನು ಮಾವನ ಮುಂದೆ ಬಂದು ಸಣ್ಣ ಬಟ್ಟಲು ಹಿಡಿದು ನಿಂತ. ಮಾವ ಬೇಡವೆಂದು ಕಣ್ಣಿನಲ್ಲೇ ಹೇಳಿದ. ಕಾಫಿಯವನಿಗೆ ಕಣ್ಣಿನ ಭಾಷೆ ಬರುವುದಿಲ್ಲ. ಅವನು ಕದಲಲಿಲ್ಲ. ಬೇಡ ಎನ್ನಲು ನಮ್ಮಲ್ಲಿ ಒಂದೇ ಮರ್ಯಾದೆಯ ದಾರಿ. ಮಾವ ಬಲಗೈ ಇಳಿಸಿ ಎದೆಯ ಮೇಲಿಟ್ಟುಕೊಂಡ.

ಹಾಡು ನಿಂತಿತು.

ನವ್ವಾಫ್ ಎರಡು ಬೆರಳು ಎತ್ತಿದ. ಇನ್ನೊಂದು ಕೈಯಿಂದ ಕೀಬೋರ್ಡಿನ ಸ್ವಿಚ್ಚು ಹಾಕಿದ. ಅದರ ಕೆಂಪು ದೀಪ ಹತ್ತಿಕೊಂಡಿತು. ಸಾಲಿನಲ್ಲಿ ಯಾರೋ, "ಫಯ್ಯಾದಣ್ಣ, ಕರೆಂಟು ಹೋಯ್ತಾ?" ಎಂದರು. ಕೆಲವರು ನಕ್ಕರು. ನಕ್ಕವರು ಯಾರ್‍ಯಾರೆಂದು ನೋಡಿಟ್ಟುಕೊಂಡೆ. ಅವರ ಫೋನುಗಳು ನನ್ನ ಹತ್ತಿರವೇ ಬರುತ್ತವೆ.

ಮಾವ ನಗಲಿಲ್ಲ. ತೋಳಿನಿಂದ ಮುಖದ ಬೆವರು ಒರೆಸಿಕೊಂಡ, ಆ ಒರೆಸಿದ್ದಕ್ಕೆ ಸ್ಪೀಕರು ಒಮ್ಮೆ ಕಿರುಚಿತು. ಮತ್ತೆ ಎಡಗೈ ಎತ್ತಿದ. ಈ ಸಲ ಎಲ್ಲಕ್ಕಿಂತ ಕಷ್ಟದ ತುಂಡು ತೆಗೆದುಕೊಂಡ. ಅದರಲ್ಲಿ ಕಾಲು ಏಳು ಎಣಿಕೆಗೆ ಒಮ್ಮೆ ಬೀಳಬೇಕು, ಎಂಟನೆಯದಕ್ಕೆ ಬಿದ್ದರೆ ಸಾಲೇ ಉರುಳುತ್ತದೆ. ನಗು ಅಡಗಿತು. ನಲವತ್ತು ಜನರ ಕಣ್ಣು ಅವನ ಬಲಗೈಯ ಮೇಲೆ ನೆಟ್ಟವು. ಅಂಗೈ ಇಳಿದಾಗ ಕಾಲು ಇಳಿಯುತ್ತಿತ್ತು. ಧೂಳು ಮೊಣಕಾಲಿನವರೆಗೆ ಎದ್ದಿತು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಲ್ಯಾಪ್‌ಟಾಪು ಮುಟ್ಟಬಾರದೆಂದು.

ಆಗ ವರನ ಅಜ್ಜ ಬಂದರು. ಹಾಜಿ ಶಿಹಾದೆ. ಇಪ್ಪತ್ತಾರು ವರ್ಷ ನಮ್ಮೂರ ಶಾಲೆಯ ಹೆಡ್‌ಮಾಸ್ಟರಾಗಿದ್ದವರು. ನನ್ನನ್ನು ಒಂಬತ್ತನೇ ಕ್ಲಾಸಿನಲ್ಲಿ ಇಡೀ ಶಾಲೆಯ ಮುಂದೆ ನಿಲ್ಲಿಸಿ, "ಇವನ ತಲೆಗೆ ನೀರು ಹಾಕೋದೂ ಒಂದೇ, ಕಲ್ಲಿಗೆ ಹಾಕೋದೂ ಒಂದೇ" ಎಂದವರು. ಮರುದಿನದಿಂದ ನಾನು ಹೋಗಲಿಲ್ಲ. ಹದಿನಾರು ವರ್ಷದಿಂದ ಅವರು ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗುತ್ತೇನೆ. ಅವರಿಗೆ ಅದು ಗೊತ್ತಿದೆಯೋ ಇಲ್ಲವೋ ತಿಳಿಯದು. ಗೊತ್ತಿಲ್ಲದಿದ್ದರೆ ಇನ್ನೂ ಸಿಟ್ಟು.

ಅವರು ಎಡಗೈಯಲ್ಲಿ ಕೋಲು ಊರುತ್ತ ಬಯಲನ್ನು ನೇರ ದಾಟಿದರು. ಸುತ್ತ ಕೂತವರು ಎದ್ದು ನಿಂತರು. ಮಾವನ ಎದುರು ನಿಂತು ಬಲಗೈ ಚಾಚಿದರು.

ಮಾವ ಆ ಕೈ ನೋಡಿದ. ಸಾಲಿನ ಕಾಲುಗಳನ್ನು ನೋಡಿದ. ಐದನೆಯ ಎಣಿಕೆ ನಡೆಯುತ್ತಿತ್ತು. ಆರು. ಏಳು. ಕಾಲು ಬಿತ್ತು.

ಮಾವ ಕೈ ಹಿಡಿಯಲಿಲ್ಲ.

ಹಾಡು ನಡೆಯುತ್ತಲೇ ಇತ್ತು. ಹಾಜಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು, ಬಿಸಿಲಿನಲ್ಲಿ, ನಾನೂರು ಜನರ ಮುಂದೆ. ನಮ್ಮೂರಿನಲ್ಲಿ ಹಿಂದೊಮ್ಮೆ ಒಬ್ಬನು ಇನ್ನೊಬ್ಬನು ಚಾಚಿದ ಕೈಯನ್ನು ಹಿಡಿಯದೆ ಹೋಗಿದ್ದ. ಅದನ್ನು ಸರಿಪಡಿಸಲು ಎಂಟು ತಿಂಗಳು ಹಿಡಿಯಿತು. ಹಿರಿಯರು ಮೂರು ಸಲ ಗುಂಪುಕಟ್ಟಿಕೊಂಡು ಮನೆಗೆ ಹೋದರು, ಮೂರು ಸಲವೂ ರಾಜಿಗೆ ಒಪ್ಪುವ ತನಕ ಮುಂದಿಟ್ಟ ಕಾಫಿ ಕುಡಿಯೆವೆಂದು ಕೂತರು. ಈಗ ವರನ ಚಿಕ್ಕಪ್ಪಂದಿರು ಇಬ್ಬರು ಕುರ್ಚಿ ಹಿಂದೆ ಸರಿಸುವುದು ಕಾಣಿಸಿತು. ಮಾವನ ಕುತ್ತಿಗೆಯ ನರ ಉಬ್ಬಿತ್ತು. ಅವನು ಕಣ್ಣು ಕಾಲುಗಳಿಂದ ತೆಗೆಯಲಿಲ್ಲ.

ನಾನು ಎದ್ದೆ. ಯಾಕೆ ಎದ್ದೆ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಹೋಗಿ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬನ್ನಿ ಮೇಷ್ಟ್ರೇ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಮೊಮ್ಮಗನ ಸಾಲಿಗೆ ಸೇರೋಕೆ ಕೈ ಚಾಚಿದ್ರೆ ಹಿಡಿಯೋರಿಲ್ವಾ?"

ಹಾಜಿ ನನ್ನ ಮುಖ ನೋಡಿದರು. ಮುದುಕ ದಡ್ಡನಲ್ಲ. ತಾನು ಬಂದದ್ದು ಕುಣಿಯಲು, ಅವಮಾನ ಪಡಲು ಅಲ್ಲ ಎಂದು ತೀರ್ಮಾನಿಸಲು ಅವರಿಗೆ ಅರ್ಧ ಸೆಕೆಂಡು ಸಾಕಾಯಿತು. ಕೋಲನ್ನು ಪಕ್ಕದವನಿಗೆ ಕೊಟ್ಟರು. ಸಾಲಿನ ಕೊನೆಯವನು ನನ್ನ ಇನ್ನೊಂದು ಕೈ ಹಿಡಿದ. ಚಿಕ್ಕಪ್ಪಂದಿರು ಚಪ್ಪಾಳೆ ತಟ್ಟಿದರು. ಅಜ್ಜ ಕುಣಿಯುತ್ತಿದ್ದಾರೆ ಎಂದು ಹೆಂಗಸರ ಉಲಿ ಮತ್ತೆ ಎದ್ದಿತು.

"ಎಡಗಾಲು" ಎಂದರು ಹಾಜಿ, ಮುಂದೆ ನೋಡುತ್ತಲೇ. "ಎಡಗಾಲು ಮೊದ್ಲು, ಕತ್ತೆ."

"ಗೊತ್ತು ಮೇಷ್ಟ್ರೇ."

"ಗೊತ್ತಿದ್ರೆ ಇಡು."

ಎರಡು ಸುತ್ತು ಆಯಿತು. ಎಪ್ಪತ್ತೆಂಟರ ಹಾಜಿಯ ಕಾಲು ನೆಲದಿಂದ ನಾಲ್ಕು ಬೆರಳು ಮಾತ್ರ ಏಳುತ್ತಿತ್ತು, ಆದರೆ ಎಣಿಕೆಗೆ ಸರಿಯಾಗಿ ಬೀಳುತ್ತಿತ್ತು. ನನ್ನದು ಬೀಳುತ್ತಿರಲಿಲ್ಲ.

"ನಿಮ್ಮ ಮಾವ ನನ್ನ ಕೈ ಮುಟ್ಲಿಲ್ಲ."

"ಮುಟ್ಟಿದ್ರೆ ಹಾಡು ನಿಲ್ತಿತ್ತು."

"ನಿಲ್ಲಲಿ. ನಾನು ಬಂದ್ರೆ ಇಡೀ ಶಾಲೆ ನಿಲ್ತಿತ್ತು."

"ಇದು ಶಾಲೆ ಅಲ್ಲ."

ಹಾಜಿಯ ಹಿಡಿತ ಬಿಗಿಯಾಯಿತು. ಮಾವ ನಮ್ಮ ಮುಂದೆಯೇ ಬಗ್ಗಿ ಹಾದುಹೋದ, ಎರಡೂ ಕೈ ಗಾಳಿಯಲ್ಲಿ. ಅಂಗಿಯ ತೋಳು ಜಾರಿ ಪಟ್ಟಿ ಕಾಣುತ್ತಿತ್ತು.

"ಏನದು ಕೈಗೆ ಕಟ್ಟಿರೋದು?"

"ಒಡೆದ ಫೋನು. ಕೈ ಆಡಿಸಿದ ಹಾಗೆ ಹಾಡು ಆಡುತ್ತೆ. ಕೈಕುಲುಕಿದ್ರೆ ಓಡುತ್ತೆ, ಎದೆ ಮೇಲಿಟ್ಕೊಂಡ್ರೆ ನಿಲ್ಲುತ್ತೆ."

"ಯಾರು ಮಾಡಿದ್ದು?"

"ನಾನು."

ಹಾಜಿ ಮೂರು ಎಣಿಕೆ ಮಾವನ ಮಣಿಕಟ್ಟನ್ನೇ ನೋಡಿದರು. ಶಾಬಾಶ್ ಎನ್ನುತ್ತಾರೇನೋ ಎಂದು ನಾನು ಕಾದೆ. ಕಾದದ್ದು ನಾಚಿಕೆಗೇಡು, ಆದರೆ ಕಾದೆ.

"ನಿಲ್ಲಿಸೋ ಸನ್ನೆ ಬಲಗೈಗೆ ಯಾಕಿಟ್ಟೆ?" ಎಂದರು. "ನಮ್ಮೂರಲ್ಲಿ ಬಲಗೈ ಯಾವತ್ತಾದ್ರೂ ಸುಮ್ನಿರುತ್ತಾ? ಎಡಗೈಗೆ ಇಡ್ಬೇಕಿತ್ತು. ಎಡಗೈನ ಯಾರು ಕುಲುಕ್ತಾರೆ?"

ನಾನು ಕಾಲು ತಪ್ಪಿದೆ. ಒಂಬತ್ತು ದಿನ ನಾನು, ಮಾವ, ಅತ್ತೆ ಮೂವರೂ ಕೂತು ನೋಡಿದ್ದೆವು. ಮೂವರಿಗೂ ಹೊಳೆದಿರಲಿಲ್ಲ. ಅಸೆಂಬ್ಲಿಯಲ್ಲಿ ನಿಲ್ಲಿಸಿ ಬೈದ ದಿನ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆಗ ಬಂತು, ಯಾಕೆಂದರೆ ಅವತ್ತು ಅವರು ಹೇಳಿದ್ದು ತಪ್ಪಾಗಿತ್ತು.

ಆಚೆ ನವ್ವಾಫನ ಎರಡು ಬೆರಳು ಇನ್ನೂ ಮೇಲೆಯೇ ಇದ್ದವು. ಹತ್ತು ನಿಮಿಷದ ಮೇಲೆ ಕೈ ನೋವು ಬಂದಿರಬೇಕು, ಇಳಿಸಿದ. ಇನ್ನೂ ಸ್ವಲ್ಪ ಹೊತ್ತಿಗೆ ಕೀಬೋರ್ಡಿನ ಕೆಂಪು ದೀಪ ಆರಿತು. ಅವನು ಎದ್ದು ಬಂದು ಸಾಲಿನ ನಡುವೆ ನುಗ್ಗಿ ತಾನೂ ಕಾಲು ಒದೆಯತೊಡಗಿದ. ಯಾರೂ ಈಗ ಮಾವನ ಹತ್ತಿರ ಸುಳಿಯುತ್ತಿರಲಿಲ್ಲ. ಹಾಜಿ ಶಿಹಾದೆಯ ಕೈಯನ್ನೇ ಹಿಡಿಯದವನ ಮುಂದೆ ಬೇರೆ ಯಾರು ಕೈ ಚಾಚುತ್ತಾರೆ? ಕಾಫಿಯವನೂ ದೂರದಿಂದ ಸುತ್ತಿಕೊಂಡು ಹೋದ.

ಹಾಜಿಯ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನಡುವೆ ಕೈ ಬಿಟ್ಟು ಸಾಲು ಮುರಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ, ಅದರಲ್ಲೂ ವರನ ಅಜ್ಜ. ಹಾಡು ನಿಲ್ಲುವವರೆಗೆ ಅವರೂ ಬಿಡುವಂತಿಲ್ಲ, ನಾನೂ ಬಿಡುವಂತಿಲ್ಲ.

"ಹೇಳೋ" ಎಂದರು ಏದುಸಿರಿನಲ್ಲಿ, "ನಿಮ್ಮ ಮಾವನಿಗೆ ಸಾಕು ಅಂತ ಹೇಳು."

"ನೀವೇ ಹೇಳಿ ಮೇಷ್ಟ್ರೇ. ನನಗೆ ಆ ಡಬ್ಬ ಮುಟ್ಟಬೇಡ ಅಂದಿದಾನೆ."

"ಫಯ್ಯಾದ್!" ಎಂದು ಕೂಗಿದರು. ಮಕ್ಕಳನ್ನು ನಡುಗಿಸುತ್ತಿದ್ದ ದನಿ. "ಫಯ್ಯಾದ್, ಸಾಕಯ್ಯಾ!"

ಮಾವ ನಮ್ಮ ಕಡೆ ತಿರುಗಿದ. ಮುಖ ತುಂಬ ಬೆವರು. ಬಾಯಿ ಮುಚ್ಚಿತ್ತು, ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ದಬ್ಕೆಯ ನಡುವೆ ಅವನಿಗೆ ಉಸಿರಾಡಲು ಪುರುಸೊತ್ತಿತ್ತು. ಹಾಜಿಯನ್ನು ನೋಡಿ ಗೌರವದಿಂದ ತಲೆ ಬಾಗಿಸಿದ. ಬಲಗೈಯನ್ನು ಮಾತ್ರ ಎದೆಯ ಹತ್ತಿರಕ್ಕೂ ತರಲಿಲ್ಲ.

ಎಡಗೈ ತಿರುಗಿಸಿದ. ಇನ್ನೊಂದು ತುಂಡು ಶುರುವಾಯಿತು.